ಆಡದವರ ಆಟ

ಜೈನರ ದಶಲಕ್ಷಣ ಪರ್ವದ ಐದನೆಯ ದಿನ ಮಧ್ಯಾಹ್ನ ಲಕ್ಷ್ಮಿಬಾಯಿ ತಾಟಿನ ಮುಂದಿನಿಂದ ಎದ್ದುಬಿಟ್ಟಳು. ಒಂದು ತುತ್ತೂ ಮುಟ್ಟಿರಲಿಲ್ಲ. ಪರ್ವದ ಹತ್ತು ದಿನ ಅವಳದು ಏಕಾಶನ, ಅಂದರೆ ಹೊತ್ತಿರುವಾಗ ಒಂದೇ ಊಟ, ಕಾಸಿದ ನೀರು. ಆ ಒಂದನ್ನೂ ಬಿಟ್ಟರೆ ಹೊಟ್ಟೆಗೆ ಉಳಿಯುವುದು ಸಕ್ಕರೆ ಕಾಯಿಲೆಯ ಗುಳಿಗೆ ಮಾತ್ರ, ಅದನ್ನೂ ಒಲ್ಲೆ ಅಂದಳು. ಎಪ್ಪತ್ನಾಲ್ಕು ವರ್ಷದ ಜೀವ. ಸೊಸೆ ಬೇಡಿಕೊಂಡಳು, ಮಗ ಜಯಪಾಲ ಗೊಬ್ಬರದ ಅಂಗಡಿ ಬಿಟ್ಟು ಬಂದು ಕೂಗಾಡಿದ, ಮುದುಕಿ ಬಾಯಿ ಬಿಡಲಿಲ್ಲ. ಕಡೆಗೆ ಮೊಮ್ಮಗಳು ಕಾಜಲ ಆಫೀಸಿನಿಂದ ಊಟಕ್ಕೆ ಬಂದು ಪಕ್ಕದಲ್ಲಿ ಕೂತಾಗ ಮಾತು ಹೊರಗೆ ಬಿತ್ತು.

"ಕಾಜಲ, ನನಗ ಮರವು ಹತ್ತೇತೇನ?"

"ಯಾಕ ಆಯಿ, ಏನಾತು?" ಆ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ.

"ಹತ್ತ ದಿನಾ ಆಟಾ ಬಿಟ್ಟೇನಿ ಅಂತ ವ್ರತಾ ಹಿಡದ ಮುರದೇನಿ. ಫೋನಿನಾಗ ಚೌಕಾಬಾರ ಆಡೇನಿ. ಒಂದಿನ ಅಲ್ಲ, ದಿನಾ ಆಡೇನಿ. ಆಡಿದ್ದು ನೆನಪಿಲ್ಲ. ಬಸ್ತ್ಯಾಗ ಸುಗಂಧಾಬಾಯಿ ಸೊಸಿ ತನ್ನ ಫೋನ್ ತೋರಿಸಿದ್ಲು. ನನ್ನ ಹೆಸರಿನ ಮುಂದ ಹಸರ ದೀಪಾ ಹತ್ತೇತಿ, ಇವತ್ತ ಆಡ್ಯಾರ ಅಂತ ಬರದೈತಿ. ಎಲ್ಲಾರೂ ನೋಡಿ ನಕ್ಕರು. ಮನಿಗೆ ಬಂದ ನನ್ನ ಫೋನಿನಾಗ ನೋಡಿದೆ, ಅಲ್ಲೂ ಹಂಗ ಐತಿ. ಯಾವ ಮಾರಿ ತಗೊಂಡ ಮಹಾರಾಜರ ಮುಂದ ಹೋಗ್ಲಿ? ಖರೆ ಏನ ಅಂತ ತಿಳಿಯೂತನಕಾ ನನಗ ಅನ್ನ ಬ್ಯಾಡ, ನೀರೂ ಬ್ಯಾಡ."

ಆಯಿ ಆಡಿರಲಿಲ್ಲ. ಆಯಿಯ ಹೆಸರಿನಲ್ಲಿ ಆಟ ಆಡಿಸಿದವಳು ಕಾಜಲಳೇ. ಆಯಿಯೊಬ್ಬಳ ಹೆಸರಿನಲ್ಲಿ ಅಲ್ಲ, ನಾಲ್ಕು ಸಾವಿರದ ನೂರ ಹನ್ನೆರಡು ಜನರ ಹೆಸರಿನಲ್ಲಿ.

ಇದು ೨೦೧೮ರ ಮಾತು. ಎಲ್ಲರ ಕೈಗೂ ಅಗ್ಗದ ಇಂಟರ್ನೆಟ್ಟು ಬಂದು ಎರಡು ವರ್ಷವಾಗಿತ್ತು, ಮಧ್ಯಾಹ್ನದ ಹೊತ್ತು ನಿಪ್ಪಾಣಿಯ ಓಣಿಗಳಲ್ಲಿ ಮಾತು ಕಡಿಮೆಯಾಗಿ ಟಿಣ್ ಟಿಣ್ ಸದ್ದು ಹೆಚ್ಚಾಗಿತ್ತು. ಪುಣೆಯ ಒಂದು ಕಂಪನಿ ನಮ್ಮ ಚೌಕಾಬಾರ ಎಂಬ ಕವಡೆಯ ಆಟವನ್ನೇ ಫೋನಿಗೆ ಹಾಕಿ ಹಂಚಿತ್ತು. ಅದರ ಸಣ್ಣ ಆಫೀಸು ನಿಪ್ಪಾಣಿಯಲ್ಲೇ, ಹಳೆಯ ತಂಬಾಕಿನ ವಖಾರಿಯ ಅಟ್ಟದ ಮೇಲೆ. ಕೂತು ಕೆಲಸ ಮಾಡುವವರು ಆರು ಜನ, ಅಟ್ಟ ಹತ್ತಿದರೆ ಆಗಲೂ ಸೀನು ಬರುತ್ತಿತ್ತು. ಅಲ್ಲಿ ಕಾಜಲಳ ಕೆಲಸ, ಆಡುವವರನ್ನು ಡೇಟಾದಲ್ಲಿ ನೋಡುವುದು. ಯಾರು ಎಷ್ಟು ಹೊತ್ತಿಗೆ ಆ್ಯಪ್ ತೆಗೆದರು, ಎಷ್ಟು ನಿಮಿಷ ಆಡಿದರು, ಸೋತ ಮೇಲೆ ಮತ್ತೆ ಆಡಿದರೋ ಮುಚ್ಚಿ ಹೋದರೋ, ಯಾರು ನಾಳೆಯಿಂದ ಬರುವುದನ್ನೇ ಬಿಡುವ ಹಾಗೆ ಕಾಣುತ್ತಾರೆ. ಬಿಡುವವರನ್ನು ಬಿಡದ ಹಾಗೆ ಮಾಡುವುದು ಹೇಗೆ ಅನ್ನುವುದೇ ಪುಣೆಯವರ ದಿನನಿತ್ಯದ ಜಪವಾಗಿತ್ತು.

ಬಿಡದ ಹಾಗೆ ಮಾಡಲು ಅವರ ಹತ್ತಿರ ಇದ್ದ ದೊಡ್ಡ ಆಯುಧ ಸರಪಳಿ. ದಿನಕ್ಕೆ ಒಂದು ಸಲವಾದರೂ ಕಾಯಿ ನಡೆಸಿದರೆ ಹೆಸರಿನ ಮುಂದೆ ಒಂದು ದಿನ ಕೂಡಿಕೊಳ್ಳುತ್ತದೆ. ಒಂದು ದಿನ ತಪ್ಪಿತೋ, ಇನ್ನೂರು ದಿನದ್ದಾದರೂ ಸೊನ್ನೆಗೆ ಬಂದು ನಿಲ್ಲುತ್ತದೆ. ಗಂಡನನ್ನು, ಎರಡು ಬಾಣಂತನವನ್ನು, ಕೃಷ್ಣೆಯ ಮಹಾಪೂರವನ್ನು ಕಂಡ ಹೆಂಗಸರು ಆ ಸೊನ್ನೆಗೆ ಹೆದರುತ್ತಿದ್ದರು ಅಂದರೆ ನಗು ಬರುತ್ತದೆ. ಆದರೆ ಹೆದರುತ್ತಿದ್ದರು.

ಹಿಂದಿನ ವರ್ಷ ಭಾದ್ರಪದದಲ್ಲಿ ಒಂದು ವಿಚಿತ್ರ ನಡೆದಿತ್ತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದು ಕಡೆ ಮಾತ್ರ ಆಡುವವರ ಗೆರೆ ಹತ್ತು ದಿನ ಧೊಪ್ಪನೆ ಕುಸಿದಿತ್ತು. ಉಗಾರ ಬುದ್ರುಕದಲ್ಲಂತೂ ಅರ್ಧಕ್ಕರ್ಧ ಮಂದಿ ಮಾಯ. ಪುಣೆಯ ಕುನಾಲ ಸಾಹೇಬರು ಮೊಬೈಲ್ ಟವರು ಕೆಟ್ಟಿದೆ ಅಂತ ನಿಶ್ಚಯ ಮಾಡಿ ಬರೆದುಕೊಂಡಿದ್ದರು. ಆ ತಗ್ಗು ಏನು ಅಂತ ಕಾಜಲಳಿಗೆ ನೋಡಿದ ಕೂಡಲೇ ತಿಳಿಯಿತು. ಜೈನರ ಮನೆಯಲ್ಲಿ ಹುಟ್ಟಿದವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಪರ್ವದ ಮೊದಲ ದಿನ ಬಸದಿಯಲ್ಲಿ ಮುನಿ ಮಹಾರಾಜರು ಪ್ರವಚನದಲ್ಲಿ, ನಿಮಗೆ ಬಹಳ ಹಚ್ಚಿಕೊಂಡ ಒಂದನ್ನು ಹತ್ತು ದಿನ ಬಿಡಿರಿ ಅನ್ನುತ್ತಾರೆ. ಗಂಡಸರು ಚಹಾ ಬಿಡುತ್ತಾರೆ, ತಂಬಾಕು ಬಿಡುತ್ತಾರೆ. ಹೆಂಗಸರು ಆ ವರ್ಷ ಚೌಕಾಬಾರ ಬಿಟ್ಟಿದ್ದರು. ಹತ್ತು ದಿನ ಕಳೆದು ಬಂದು ನೋಡಿದರೆ ಸರಪಳಿ ಸೊನ್ನೆ. ಸಿಟ್ಟು ಬಂದು ಮೂರರಲ್ಲಿ ಒಬ್ಬರು ಆಟವನ್ನೇ ಬಿಟ್ಟುಹೋಗಿದ್ದರು.

ಈ ವರ್ಷ ಹಾಗಾಗಬಾರದು ಅಂತ ಕಾಜಲ ಒಂದು ಉಪಾಯ ತೆಗೆದಳು. ಈ ಐದು ತಾಲೂಕುಗಳಲ್ಲಿ ದಿನಾ ಆಡುವವರು ಪರ್ವದ ದಿನಗಳಲ್ಲಿ ಬಾರದೆ ಹೋದರೆ, ಆಟ ನಡೆಸುವ ಕಂಪನಿಯ ಕಂಪ್ಯೂಟರು, ಅಂದರೆ ಸರ್ವರೇ, ಅವರ ಹೆಸರಿನಲ್ಲಿ ಒಂದು ಕವಡೆ ಹಾಕಿ ಒಂದು ಮನೆ ಕಾಯಿ ನಡೆಸಲಿ. ಸರಪಳಿ ಕಡಿಯುವುದಿಲ್ಲ, ವ್ರತವೂ ಮುರಿಯುವುದಿಲ್ಲ. ಕುನಾಲ ಸಾಹೇಬರು ಫೋನಿನಲ್ಲೇ ಚಪ್ಪಾಳೆ ತಟ್ಟಿದರು. ಅವರಿಗೆ ಕಂಡದ್ದು ಬೇರೆ: ದಿನದ ಆಟಗಾರರ ಸಂಖ್ಯೆ ಬೀಳುವುದಿಲ್ಲ, ಮೇಲಿನವರಿಗೆ ತೋರಿಸಬಹುದು. ಕಾಜಲಳ ಮನಸ್ಸಿನಲ್ಲಿ ವ್ರತ ಹಿಡಿದವರ ಮೇಲಿನ ಅಂತಃಕರಣವೂ ಇತ್ತು, ಪುಣೆಯವರ ಮುಂದೆ ಸೈ ಅನ್ನಿಸಿಕೊಳ್ಳುವ ಆಸೆಯೂ ಇತ್ತು. ಯಾವುದು ಎಷ್ಟು ಅಂತ ತೋರಿಸುವ ಗ್ರಾಫು ಅವಳ ಹತ್ತಿರ ಇರಲಿಲ್ಲ.

ಗೆಳೆಯರ ಪಟ್ಟಿ ಅವಳಿಗೆ ಹೊಳೆಯಲೇ ಇಲ್ಲ. ಕಾಯಿ ನಡೆದರೆ ಹೆಸರಿನ ಮುಂದೆ ಹಸಿರು ದೀಪ ಹತ್ತುತ್ತದೆ, ಅದನ್ನು ಗುರುತಿನವರೆಲ್ಲ ನೋಡುತ್ತಾರೆ. ಇಷ್ಟು ಓದಿದ ಹುಡುಗಿಗೆ ಇಷ್ಟು ತಿಳಿಯದೆ ಹೋಯಿತು.

ಈಗ ಆಯಿಯ ಮುಂದೆ ಕೂತ ಕಾಜಲ ನಿಜ ಹೇಳಲಿಲ್ಲ. "ಅದು ಆ್ಯಪಿನ ತಪ್ಪ ಇರಬೇಕ ಆಯಿ," ಅಂದಳಷ್ಟೇ.

"ಮಷೀನ ತಪ್ಪ ಮಾಡತೈತೇನ? ನಾವ ಯಾವಾಗ ಏನ ಮಾಡಿದ್ವಿ ಅಂತ ನಮಗಿಂತ ಮಷೀನಿಗೆ ಚಲೋ ಗೊತ್ತಿರತೈತಿ ಅಂತ ನೀನ ಹೇಳಿದ್ದಿಲ್ಲ?"

ಹೇಳಿದ್ದಳು. ದೀಪಾವಳಿಗೆ, ಹೊಸ ಕೆಲಸದ ಹುರುಪಿನಲ್ಲಿ, ಮನೆಮಂದಿಯನ್ನೆಲ್ಲ ಕೂಡಿಸಿಕೊಂಡು ಹೇಳಿದ್ದಳು. ಈಗ ಅದೇ ಮಾತು ತಿರುಗಿ ಬಂದು ಎದೆಗೆ ಕೂತಿತು. ಊಟ ಬಿಟ್ಟು ಆಫೀಸಿಗೆ ಓಡಿದಳು.

ಲ್ಯಾಪ್‌ಟಾಪ್ ತೆಗೆದು ಮೊದಲು ಆಯಿಯ ಹೆಸರನ್ನು ಪಟ್ಟಿಯಿಂದ ತೆಗೆದಳು. ನಾಳೆಯಿಂದ ದೀಪ ಹತ್ತುವುದಿಲ್ಲ. ಆದರೆ ಹಿಂದಿನ ಐದು ದಿನ ಅಳಿಸಲು ಬರಲಿಲ್ಲ. ಆಮೇಲೆ ಐದು ತಾಲೂಕಿನ ಗ್ರಾಫು ತೆಗೆದಳು.

ಮೊದಲ ಎರಡು ದಿನ ವ್ರತದವರು ಯಾರೂ ಆ್ಯಪ್ ತೆಗೆದಿರಲಿಲ್ಲ. ಮೂರನೆಯ ದಿನದಿಂದ ತೆಗೆಯುತ್ತಿದ್ದರು, ದೀಪದ ಮಾತು ಯಾರದೋ ಬಾಯಿಂದ ಕಿವಿಗೆ ಬಿದ್ದಿರಬೇಕು. ನಾಲ್ಕು ಸೆಕೆಂಡು, ಐದು ಸೆಕೆಂಡು. ಆಟಕ್ಕೆ ಹೋಗುವುದಿಲ್ಲ, ಗೆಳೆಯರ ಪಟ್ಟಿ ತೆಗೆಯುತ್ತಾರೆ, ಮುಚ್ಚುತ್ತಾರೆ. ಒಂದು ತಾಸು ಬಿಟ್ಟು ಮತ್ತೆ. ಅಥಣಿಯ ಒಬ್ಬ ಹೆಂಗಸು ಒಂದೇ ದಿನದಲ್ಲಿ ಮೂವತ್ತೊಂದು ಸಲ. ಮಂಗಸೂಳಿಯಲ್ಲಿ ಒಬ್ಬರು, ರಾಯಬಾಗದಲ್ಲಿ ನೂರಾರು ಜನ. ತಮ್ಮ ಹೆಸರಿನ ಮುಂದೆ ದೀಪ ಹತ್ತಿದೆಯೇ ಅಂತ ನೋಡುವುದು, ಹತ್ತಿರುವುದನ್ನು ಕಂಡು ಮುಚ್ಚುವುದು, ನಂಬಿಕೆಯಾಗದೆ ಮತ್ತೆ ನೋಡುವುದು. ಯಾರೂ ಯಾರಿಗೂ ಹೇಳಿಕೊಂಡಿರಲಿಲ್ಲ. ಪ್ರತಿಯೊಬ್ಬರೂ ತಾವೊಬ್ಬರೇ ವ್ರತ ಮುರಿದವರು ಅಂದುಕೊಂಡು ಮೂಲೆ ಹಿಡಿದು ಕೂತಿದ್ದರು.

ಅಷ್ಟರಲ್ಲಿ ಕುನಾಲ ಸಾಹೇಬರ ಫೋನು. ಮರಾಠಿಯಲ್ಲಿ ಉಕ್ಕುತ್ತಿದ್ದರು. ಐದು ತಾಲೂಕಿನಲ್ಲಿ ಆ್ಯಪ್ ತೆಗೆಯುವ ಸಂಖ್ಯೆ ಇಷ್ಟು ಎತ್ತರಕ್ಕೆ ಯಾವತ್ತೂ ಹೋಗಿರಲಿಲ್ಲ, ಜನ ಹಬ್ಬದ ದಿನವೂ ನಮ್ಮನ್ನು ಬಿಟ್ಟಿರಲಾರರು, ಇದನ್ನೇ ನವರಾತ್ರಿಗೆ ಇಡೀ ದೇಶಕ್ಕೆ ಹಾಕೋಣ, ಹೆಸರು ನಿನ್ನದೇ ಇರಲಿ ಅಂದರು.

"ಸರ್, ಅವರು ಆಡಾಕ ಬರಾಕತ್ತಿಲ್ಲ. ಹೆದರಿ ಬರಾಕತ್ತಾರ," ಅಂದಳು ಕಾಜಲ, ಅವಸರದಲ್ಲಿ ಕನ್ನಡದಲ್ಲೇ. ಮತ್ತೆ ಮರಾಠಿಯಲ್ಲಿ ಹೇಳಿದಳು.

"ಯಾಕೆ ಬಂದರೆ ಏನು, ಬಂದರಲ್ಲ," ಅಂದು ಅವರು ಫೋನಿಟ್ಟರು.

ಮರುದಿನ ಬೆಳಗಾಗುವುದರೊಳಗೆ ಆಯಿಯ ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಕಾಜಲ ರಾತ್ರಿಯೆಲ್ಲ ಹೊರಳಾಡಿ ಒಂದು ನಿರ್ಧಾರಕ್ಕೆ ಬಂದಿದ್ದಳು: ಹೇಳಿಬಿಡುವುದು. ಆದರೆ ಬಾಯಿ ತೆಗೆಯುವ ಮೊದಲೇ ಆಯಿ ಹೇಳಿದಳು.

"ನೆನಪಾತು ಕಾಜಲ. ಮೊನ್ನೆ ಮಧ್ಯಾಹ್ನ, ಇಲ್ಲೇ ಗ್ವಾಡಿಗೆ ಆತು ಕುಂತಿದ್ನಿ. ಚೌಕಾ ಬಿತ್ತು. ಕೆಂಪ ಕಾಯಿ ನಾಕ ಮನಿ ನಡಸಿದೆ. ಕಣ್ಣಿಗೆ ಕಟ್ಟಿದಂಗ ಐತಿ."

ಕಾಜಲ ಬೆಚ್ಚಿಬಿದ್ದಳು. ಸರ್ವರು ಯಾರ ಹೆಸರಿನಲ್ಲೂ ನಾಲ್ಕು ಹಾಕಿರಲಿಲ್ಲ. ಎಲ್ಲರಿಗೂ ದಿನಕ್ಕೆ ಒಂದೇ ಮನೆ, ಹಾಗಂತ ಬರೆದವಳು ಅವಳೇ. ಆಯಿ ನೆನಪಿಸಿಕೊಂಡ ಆಟ ಎಲ್ಲೂ ನಡೆದೇ ಇರಲಿಲ್ಲ. ಆಡಿದ್ದಿ ಅಂತ ಫೋನು ಹೇಳಿತು, ಮುದುಕಿಯ ತಲೆ ಪಾಪ ಅದಕ್ಕೆ ತಕ್ಕ ಒಂದು ಮಧ್ಯಾಹ್ನವನ್ನು ಕಟ್ಟಿಕೊಟ್ಟಿತು. ಅಂಜಿಕೆಗೆ ಹೀಗೂ ಆಗುತ್ತದೆ ಅಂತ ಕಾಜಲ ತನಗೆ ತಾನೇ ಹೇಳಿಕೊಂಡಳು.

"ಆಯಿ, ಕೇಳಿಲ್ಲಿ. ನೀ ಆಡಿಲ್ಲ. ನಿನ್ನ ಹೆಸರಲೆ ಮಷೀನ ಆಡೇತಿ. ಆಡಸಿದಾಕಿ ನಾನ." ಎಲ್ಲವನ್ನೂ ಬಿಡಿಸಿ ಹೇಳಿದಳು. ಹೇಳುತ್ತ ಅತ್ತಳು.

ಆಯಿ ಅವಳ ಕೆನ್ನೆ ಒರೆಸಿದಳು. ಆಯಿಗೆ ಸಿಟ್ಟು ಬರಲಿಲ್ಲ, ಕಾಜಲಳಿಗೆ ಅದೇ ಕಷ್ಟವಾಯಿತು. "ನನ್ನ ಬಂಗಾರದಂಥಾಕಿ. ಮುದುಕಿ ಉಪಾಸ ಸಾಯಬಾರದಂತ ತಪ್ಪ ನಿನ್ನ ಮ್ಯಾಲ ಹಾಕ್ಕೋತಿಯಲ್ಲ. ನಿಮ್ಮ ಅಪ್ಪನೂ ಸಣ್ಣಾಂವ ಇದ್ದಾಗ ಹಿಂಗ ಮಾಡ್ತಿದ್ದ. ಹೋಗ, ಆಫೀಸಿಗೆ ಹೊತ್ತಾತು."

ಖರೆ ಹೇಳಿದರೂ ನಂಬದವರ ಮುಂದೆ ಏನು ಮಾಡುವುದು? ಲ್ಯಾಪ್‌ಟಾಪ್ ತಂದು ತೋರಿಸಿದಳು. ಇಂಗ್ಲಿಷ್ ಅಕ್ಷರ, ಅಂಕಿಯ ಸಾಲು. ನೀನೇ ಬರೆದಿದ್ದು ನೀನೇ ಓದತಿ ಅಂದಳು ಆಯಿ. ಎದ್ದು ನಿಲ್ಲಲು ಹೋಗಿ ಗೋಡೆ ಹಿಡಿದಳು. ಕಾಜಲಳ ಅವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಳು.

ಕಾಜಲಳಿಗೆ ಒಂದೇ ದಾರಿ ಕಂಡಿತು. ಸುಳ್ಳು ಹೇಳಿದರೆ ಪಾಪ ತಟ್ಟುವ ಕಡೆ, ಮಹಾರಾಜರ ಮುಂದೆ ನಿಂತು ಹೇಳಿದರೆ ಆಯಿ ನಂಬುತ್ತಾಳೆ.

ನಾಲ್ಕು ಗಂಟೆಗೆ ಬಸದಿಯಲ್ಲಿ ಪ್ರವಚನ. ಅದಕ್ಕೆ ಮೊದಲು ಆಫೀಸಿನಲ್ಲಿ ಕೂತು ಎರಡು ಕೆಲಸ ಮಾಡಿದಳು. ಸರ್ವರಿನ ಆಟವನ್ನು ಪೂರ್ತಿ ನಿಲ್ಲಿಸಿದಳು. ಜನರನ್ನು ಆಟಕ್ಕೆ ಕರೆಯಲು ಸಂದೇಶ ಕಳಿಸುವ ಕಿಟಕಿ ತೆಗೆದು, ನಾಲ್ಕು ಸಾವಿರದ ನೂರ ಹನ್ನೆರಡು ಜನರಿಗೆ ಕನ್ನಡದಲ್ಲಿ, ಮರಾಠಿಯಲ್ಲಿ ಬರೆದಳು: "ಈ ಆರು ದಿನ ನೀವು ಆಡಿಲ್ಲ. ನಿಮ್ಮ ಹೆಸರಿನಲ್ಲಿ ನಾವು ಆಡಿಸಿದ್ದೇವೆ. ನಿಮ್ಮ ವ್ರತ ಮುರಿದಿಲ್ಲ. ತಪ್ಪು ನಮ್ಮದು, ಕ್ಷಮಿಸಿರಿ." ಕಳಿಸುವ ಗುಂಡಿ ಒತ್ತಿದಳು. ಫೋನಿನ ಬಾಯಿ ಮುಚ್ಚಿಸಿ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋಗಿ, ಆಯಿಯನ್ನು ರಿಕ್ಷಾದಲ್ಲಿ ಕೂಡಿಸಿಕೊಂಡು ಬಸದಿಗೆ ಹೋದಳು.

ಪ್ರವಚನ ಮುಗಿದು ಜನ ಏಳುವಷ್ಟರಲ್ಲಿ ಕಾಜಲ ಮಹಾರಾಜರಿಂದ ದೂರ ನಿಂತು ಕೈ ಮುಗಿದಳು. "ನಮೋಸ್ತು ಮಹಾರಾಜ. ಒಂದ ಮಾತ ಎಲ್ಲಾರ ಮುಂದ ಹೇಳೂದೈತಿ." ಮಂಟಪದ ತುಂಬ ಜನ, ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು. ಹೇಳುತ್ತ ಹೋದಂತೆ ಹೆಂಗಸರ ಕಡೆ ಕೆಮ್ಮೂ ನಿಂತಿತು. ತಾನು ಎಲ್ಲಿ ಕೆಲಸ ಮಾಡುತ್ತೇನೆ, ಏನು ಮಾಡಿದೆ, ಯಾಕೆ ಮಾಡಿದೆ, ಎಲ್ಲ ಹೇಳಿದಳು. ಸೈ ಅನ್ನಿಸಿಕೊಳ್ಳುವ ಆಸೆಯಿತ್ತು ಅನ್ನುವುದನ್ನೂ ಬಿಡಲಿಲ್ಲ.

ಆಮೇಲೆ ಸುಗಂಧಾಬಾಯಿ, ನಿನ್ನೆ ಆಯಿಯನ್ನು ನೋಡಿ ಎಲ್ಲರಿಗಿಂತ ಜೋರಾಗಿ ನಕ್ಕವಳು, ಸಣ್ಣ ದನಿಯಲ್ಲಿ ಕೇಳಿದಳು. "ಹಂಗಾರ ನಾನೂ ಆಡಿಲ್ಲೇನವಾ?"

"ಇಲ್ರಿ ಮಾವಶಿ."

"ನಾ ಮೂರ ದಿನ ಆತ ನಿದ್ದಿ ಮಾಡಿಲ್ಲ," ಅಂದು ಸುಗಂಧಾಬಾಯಿ ಎಲ್ಲರ ಮುಂದೆ ಅಳತೊಡಗಿದಳು. ಗಂಡಸರ ಕಡೆಯಿಂದ ಒಬ್ಬ ದಲಾಲಿ ವ್ಯಾಪಾರಿ ಎದ್ದು, ನಂದೂ ನೋಡಿ ಹೇಳವಾ ಅಂದ. ಇನ್ನೊಬ್ಬರು, ಮತ್ತೊಬ್ಬರು. ಕೆಲವರು ಬೈದರು. ದೇವರ ಹೆಸರಿನಲ್ಲಿ ಮಾಡುವುದರಲ್ಲೂ ಕೈ ಹಾಕಿದಿರಲ್ಲ, ನಾಚಿಕೆಯಾಗಲಿಲ್ಲವೇ ಅಂದರು. ಕಾಜಲ ಮುಗಿದ ಕೈ ಇಳಿಸದೆ ನಿಂತಳು.

ಮಹಾರಾಜರು ನವಿಲುಗರಿಯ ಪಿಂಛಿ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ಆಡದವರಿಗೆ ದೋಷವಿಲ್ಲ. ಹೋಗಿ, ಸಮಾಧಾನದಿಂದಿರಿ. ಮಾಡಿದ್ದು, ಮಾಡಿಸಿದ್ದು, ಮಾಡಿದ್ದಕ್ಕೆ ಹೂಂ ಅಂದದ್ದು, ಈ ಮೂರಕ್ಕೂ ಪ್ರಾಯಶ್ಚಿತ್ತ ಇದೆ. ಮಗಳೇ, ನೀನು ನಾಳೆ ಬಾ."

ರಿಕ್ಷಾದಲ್ಲಿ ಆಯಿ ಕಾಜಲಳ ಕೈ ಹಿಡಿದುಕೊಂಡೇ ಇದ್ದಳು. ಮನೆಗೆ ಬಂದಾಗ ಐದೂವರೆ. ಕಾಜಲ ಅಡಿಗೆಮನೆಗೆ ಹೋಗಿ ನೀರು ಕಾಸಲು ಇಟ್ಟಳು. ಚೀಲದಲ್ಲಿ ಫೋನು ಗುರ್ ಅನ್ನುತ್ತಲೇ ಇತ್ತು. ಕುನಾಲ ಸಾಹೇಬರ ಹದಿನಾಲ್ಕು ಕರೆ, ಒಂದು ಸಂದೇಶ. ನಾಳೆ ಬೆಳಗಿನಿಂದ ಸಿಸ್ಟಮಿಗೆ ನಿನ್ನ ಪ್ರವೇಶ ಬಂದ್. ಕೆಲಸ ಹೋಯಿತು ಅಂತ ಅರ್ಥ. ಅದು ಆಮೇಲೆ ನೋಡಿದರಾಯಿತು. ಸೂರ್ಯ ಮುಳುಗಲು ಒಂದು ತಾಸೂ ಉಳಿದಿರಲಿಲ್ಲ, ಅಷ್ಟರೊಳಗೆ ಆಯಿ ನೀರು ಕುಡಿಯದಿದ್ದರೆ ಇನ್ನೊಂದು ರಾತ್ರಿ ಒಣಗಬೇಕು.

ಲೋಟ ಹಿಡಿದು ಬಂದಾಗ ಆಯಿ ಕೋಣೆಯಲ್ಲಿ ಹಾಸಿಗೆಯ ಮೇಲೆ ಕೂತಿದ್ದಳು. ಮುಖ ಹಗುರಾಗಿತ್ತು. ಆದರೂ ಲೋಟ ತೆಗೆದುಕೊಳ್ಳಲಿಲ್ಲ.

"ವ್ರತದ್ದು ತಿಳೀತು. ನನ್ನ ತೆಲೀದು ತಿಳೀಲಿಲ್ಲ. ಆ ಚೌಕಾ ನನಗ ಯಾಕ ಕಾಣತೈತಿ ಕಾಜಲ?"

"ಅಂಜಿದ್ದಕ್ಕ ಆಯಿ. ಅಂಜಿದ್ರ ಹಂಗ ಆಗತೈತಿ."

"ಹಂಗಾರ ಒಂದ ನೋಡಿ ಹೇಳ. ಯಾರ್ಯಾರ ಎಷ್ಟೆಷ್ಟ ಸಲ ತಗದಾರ ಅಂತ ನಿನ್ನ ಮಷೀನ್ನಾಗ ಕಾಣತೈತಿ ಅಂದಿ. ನಾ ಒಂದ ಸಲ ಅಷ್ಟ ತಗದೇನಿ. ನಿನ್ನೆ ಬಸ್ತಿಲಿಂದ ಬಂದ ಮ್ಯಾಲ. ಆಮ್ಯಾಲ ಫೋನ್ ಟ್ರಂಕಿನಾಗ ಇಟ್ಟ ಕೀಲಿ ಹಾಕೇನಿ, ಕೀಲಿ ನನ್ನ ನಡದಾಗ ಐತಿ. ಮುಟ್ಟಿಲ್ಲ. ಒಂದ ಸಲ ಅಂತ ಬಂತಂದ್ರ ನನ್ನ ತೆಲಿ ನೆಟ್ಟಗೈತಿ. ನೀರ ಕುಡೀತೀನಿ."

ಕಾಜಲ ನಿರಾಳವಾಗಿ ಲ್ಯಾಪ್‌ಟಾಪ್ ತೆಗೆದಳು. ಪ್ರವೇಶ ಇನ್ನೂ ಇತ್ತು. ಆಯಿಯ ಹೆಸರು ಹಾಕಿದಳು. ಸಾಲುಗಳು ಒಂದರ ಕೆಳಗೊಂದು ಬಂದು ನಿಂತವು.

ಹತ್ತೊಂಬತ್ತು.

ನಿನ್ನೆ ಮಧ್ಯಾಹ್ನ ಒಂದು. ಸಂಜೆಯೊಳಗೆ ಐದು. ಬೆಳಗಿನ ಜಾವ ನಾಲ್ಕು ಸಲ, ಹೊತ್ತು ಏರುವ ಮೊದಲು ಎರಡು, ಆಮೇಲೆ ಆರು. ಕೊನೆಯದೊಂದು ಈಗಷ್ಟೇ, ಐದು ನಲವತ್ತಕ್ಕೆ. ಹತ್ತು ನಿಮಿಷದ ಹಿಂದೆ, ತಾನು ಅಡಿಗೆಮನೆಯಲ್ಲಿ ನೀರು ಕಾಸುತ್ತಿದ್ದಾಗ. ಕಾಜಲ ಮತ್ತೊಮ್ಮೆ ಎಣಿಸಿದಳು. ಸರ್ವರು ಕಾಯಿ ನಡೆಸಬಲ್ಲದು, ಆದರೆ ಫೋನು ತೆಗೆಯಲಾರದು. ಅದಕ್ಕೆ ಬೆರಳು ಬೇಕು. ಆಡಿದ್ದು ಸೊನ್ನೆ.

ಮಿಕ್ಕವರು ಮೂವತ್ತು ಸಲ ತೆಗೆದಿದ್ದರು, ಖರೆ. ಆದರೆ ಅವರೆಲ್ಲ ತೆಗೆದದ್ದು ಅವರಿಗೆ ಗೊತ್ತಿತ್ತು.

"ಎಷ್ಟವಾ?" ಆಯಿ ಕೇಳಿದಳು. ಕಣ್ಣು ಕಾಜಲಳ ಮುಖದ ಮೇಲೇ ಇದ್ದವು. ಕಿಟಕಿಯ ಆಚೆ ಬಿಸಿಲು ಕೆಂಪಾಗಿತ್ತು.

"ಒಂದ ಸಲ, ಆಯಿ."

"ನೋಡಿದೇನ! ನಾ ಹೇಳಿಲ್ಲ?" ಮುದುಕಿಯ ಮುಖ ಅರಳಿತು. ಲೋಟ ಎರಡೂ ಕೈಯಿಂದ ಹಿಡಿದು ಗಟಗಟ ಕುಡಿದಳು, ಇನ್ನೊಂದು ಬೇಡಿ ಅದನ್ನೂ ಕುಡಿದಳು. ಬಾಯಿ ಒರೆಸಿಕೊಂಡು ಅಂದಳು: "ಅಷ್ಟ ಮಂದಿ ಮುಂದ ನಿಂತ ಖರೆ ಹೇಳಿದಾಕಿ ನೀ. ಇನ್ನ ಮ್ಯಾಲ ಯಾರ ಏನರ ಅನ್ಲಿ, ನೀ ಹೇಳಿದ್ರ ಮುಗೀತು ನನಗ."

ಕಾಜಲ ಲ್ಯಾಪ್‌ಟಾಪ್ ಮುಚ್ಚಿದಳು. "ನಾಳೆ ಡಾಕ್ಟರ ಕಡೆ ಹೋಗಿ ಬರೂಣು ಆಯಿ. ಎರಡ ದಿನ ಉಪಾಸ ಆಗೇತಿ, ಸಕ್ಕರಿ ತೋರಿಸಿದ್ರ ಚಲೋ."

"ಸಕ್ಕರಿ ಅಷ್ಟ ಹೌದಿಲ್ಲ?"

"ಹೌದ ಆಯಿ. ಸಕ್ಕರಿ ಅಷ್ಟ."